ಕೊನೆಯ ಬಡಾವಣೆಗೂ ಐಪಿವಿ6: ಕೈಜೋಡಿಸಿದವರಿಗೆಲ್ಲ ನಮಸ್ಕಾರ

ನಮ್ಮ ಫೈಬರ್ ಜಾಲದ ಕೊನೆಯ ಬಡಾವಣೆಗೂ ಇಂಟರ್ನೆಟ್ಟಿನ ಹೊಸ ವಿಳಾಸ ಪದ್ಧತಿ ತಲುಪಿದೆ. ಹಳೆಯ ಐಪಿವಿ4 ಜೊತೆಗೆ ಇನ್ನು ಪ್ರತಿ ಮನೆಯ ಬಾಕ್ಸಿಗೂ (ರೌಟರ್) ಐಪಿವಿ6 ಸಿಗುತ್ತದೆ. ಯಾರು ಯಾವ ಗಂಟು ಬಿಡಿಸಿದರು ಎಂದು ಹೇಳದೆ ಬರೀ ಥ್ಯಾಂಕ್ಸ್ ಅಂದರೆ ಅದು ಸಮಾರಂಭದ ಕೊನೆಯಲ್ಲಿ ಯಾರೂ ಕೇಳಿಸಿಕೊಳ್ಳದ ವಂದನಾರ್ಪಣೆ ಆಗಿಬಿಡುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಹಿರಿಯರಿಗೆ. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ, 1984ರಲ್ಲಿ, ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಶುರುವಾಯಿತು. ಅದರ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೆಲಸಕ್ಕೆ ನಿಂತದ್ದು 1986ರಲ್ಲಿ, ನಮ್ಮದೇ ಕಿತ್ತೂರಿನಲ್ಲಿ. ಎಸಿ ಇಲ್ಲದ ಕೋಣೆಯ ಬಿಸಿಲು, ಧೂಳು ತಡೆದುಕೊಳ್ಳಲಿ ಎಂದೇ ಅದನ್ನು ರೂಪಿಸಿದ್ದರು. ಇವತ್ತಿಗೂ ಬೀದಿ ಬದಿಯ ಕ್ಯಾಬಿನೆಟ್‌ಗೆ ಉಪಕರಣ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಅದೇ.

1995ರ ಆಗಸ್ಟ್ 15ರಂದು ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಇಂಟರ್ನೆಟ್ಟನ್ನು ಜನರಿಗೆ ತೆರೆದಾಗ ವಿಳಾಸ ಮುಗಿಯುವ ಚಿಂತೆ ಇಲ್ಲಿ ಯಾರ ತಲೆಯಲ್ಲೂ ಇರಲಿಲ್ಲ. ಐಪಿವಿ4ನಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ, ಅದೂ ಇಡೀ ಪ್ರಪಂಚಕ್ಕೆ. 2011ರ ಫೆಬ್ರವರಿ 3ರಂದು ಜಾಗತಿಕ ಭಂಡಾರ ಬರಿದಾಯಿತು; ಅದೇ ವರ್ಷದ ಏಪ್ರಿಲ್ 15ರಿಂದ ಏಷ್ಯಾ-ಪೆಸಿಫಿಕ್ ಭಾಗದಲ್ಲಿ ಪಡಿತರ ಶುರು. 2019ರಿಂದ ಹೊಸದಾಗಿ ಕೇಳುವ ಕಂಪನಿಗೆ ಹೆಚ್ಚೆಂದರೆ 512 ವಿಳಾಸ. ಹಾಗಾಗಿ ಒಂದು ವಿಳಾಸವನ್ನು ಹಲವು ಮನೆ ಹಂಚಿಕೊಳ್ಳಬೇಕು. ಒಂದೊಂದು ವಿಳಾಸದಲ್ಲಿ ಬಳಸಲು ಸಿಗುವುದು 64,512 ಪೋರ್ಟ್, ಅಂದರೆ ಸಂಪರ್ಕದ ಬಾಗಿಲು. ಮನೆಗೆ 1,000 ಕೊಟ್ಟರೆ 64 ಮನೆಗಳಿಗೆ ಒಂದು ವಿಳಾಸ. ವಠಾರಕ್ಕೆಲ್ಲ ಒಂದೇ ನಲ್ಲಿ ಇದ್ದ ಹಾಗೆ. ಒಬ್ಬರ ಕಂಪ್ಯೂಟರಿನಲ್ಲಿ ವೈರಸ್ ಹೊಕ್ಕರೆ ಉಳಿದ 63 ಮನೆಯವರೂ ‘ನೀವು ರೋಬೋಟ್ ಅಲ್ಲ ತಾನೇ’ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತ ಕೂರಬೇಕು.

ಈ ಇಕ್ಕಟ್ಟನ್ನು ಮೊದಲೇ ಕಂಡು 2010ರಲ್ಲಿ ಮಾರ್ಗಸೂಚಿ ಬರೆದ ದೂರಸಂಪರ್ಕ ಇಲಾಖೆಯವರಿಗೆ, ದೇಶದೊಳಗೆ ಇಂಟರ್ನೆಟ್ ವಿಳಾಸ ಹಂಚುವ ಐಆರ್‌ಐಎನ್‌ಎನ್ ಸಿಬ್ಬಂದಿಗೆ ನಮಸ್ಕಾರ. ದೇಶದ ಐಪಿವಿ6 ಬಳಕೆಯನ್ನು ಮೇಲೆತ್ತಿದ್ದು ಮುಖ್ಯವಾಗಿ ಮೊಬೈಲ್ ಜಾಲಗಳು, ಅದರಲ್ಲೂ 2016ರ ಸೆಪ್ಟೆಂಬರ್ ನಂತರದ 4ಜಿ. ಅದನ್ನು ಒಪ್ಪಿಕೊಳ್ಳಲು ನಮಗೇನೂ ಸಂಕೋಚವಿಲ್ಲ. ಆ್ಯಪ್‌ಗಳು ಐಪಿವಿ6 ಮಾತ್ರ ಇರುವ ಜಾಲದಲ್ಲೂ ನಡೆಯಲೇಬೇಕು ಎಂದು ಆ ವರ್ಷವೇ ಆ್ಯಪಲ್ ಪಟ್ಟು ಹಿಡಿದದ್ದರಿಂದ ತಂತಿಯವರಾದ ನಮ್ಮ ಅರ್ಧ ತಲೆನೋವು ಮೊದಲೇ ಕಳೆದಿತ್ತು. ಉಳಿದರ್ಧ ಮನೆಯೊಳಗಿನದು. ಫೋನನ್ನು ಜನ ಮೂರ್ನಾಲ್ಕು ವರ್ಷಕ್ಕೆ ಬದಲಿಸುತ್ತಾರೆ. ಟಿವಿ ಹಿಂದಿನ ರೌಟರ್ ಬಾಕ್ಸನ್ನು ಅದು ಸುಟ್ಟುಹೋಗುವ ತನಕ ಬದಲಿಸುವುದಿಲ್ಲ.

ಯಾವ ಗ್ರಾಹಕರಿಗೆ ಯಾವ ವಿಳಾಸ ಎಂದು ಹೇಳುವ ರೇಡಿಯಸ್ ಸರ್ವರ್ ನೋಡಿಕೊಂಡವರಿಗೆ ದೊಡ್ಡ ಸಲಾಂ. ಮನೆಗೆ ಒಂದೇ /64 (ಒಂದೇ ಜಾಲಕ್ಕಾಗುವ ವಿಳಾಸಗಳ ಪಾಲು) ಕೊಟ್ಟು ಕೈತೊಳೆದುಕೊಳ್ಳುವುದು ಸುಲಭವಿತ್ತು. ಆದರೆ ಆಗ ಗೆಸ್ಟ್ ವೈಫೈಗೋ ಮಹಡಿಯ ಎರಡನೇ ರೌಟರ್‌ಗೋ ಪಾಲು ಉಳಿಯುವುದಿಲ್ಲ. ಗೆರೆಯ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ಗಂಟು ದೊಡ್ಡದು. /56 ಕೊಟ್ಟರೆ ಮನೆಗೆ 256 ಪಾಲು; ಒಂದು /32ರಲ್ಲಿ ಅಂಥ 1,67,77,216 ಮನೆ ಹಿಡಿಸುತ್ತವೆ. ಜಿಪುಣತನಕ್ಕೆ ಕಾರಣವೇ ಇಲ್ಲ.

ನಿಜವಾದ ಪೇಚು ಕರೆಂಟಿನದು. ಕರೆಂಟ್ ಹೋಗಿ ಬಂದಾಗ ಬಾಕ್ಸಿಗೆ ಬೇರೆ ಪ್ರಿಫಿಕ್ಸ್, ಅಂದರೆ ವಿಳಾಸದ ಬೇರೆ ಮುಂಭಾಗ, ಸಿಕ್ಕಿತು ಅನ್ನಿ. ಹಳೆಯದು ಯಾವುದಿತ್ತೆಂದು ಬಾಕ್ಸಿಗೇ ನೆನಪಿಲ್ಲ. ‘ಅದನ್ನು ಬಿಡಿ’ ಎಂದು ಮನೆಯ ಸಾಧನಗಳಿಗೆ ಹೇಳುವುದೂ ಇಲ್ಲ. ವೈಫೈ ಬಿದ್ದೆದ್ದರೆ ಫೋನ್ ತಾನಾಗಿ ಮರೆಯುತ್ತದೆ. ಆದರೆ ಯುಪಿಎಸ್ ಮೇಲಿರುವ ನೆಟ್ವರ್ಕ್ ಸ್ವಿಚ್ಚಿಗೆ ಜೋಡಿಸಿದ ಕಂಪ್ಯೂಟರ್ ಮರೆಯುವುದಿಲ್ಲ. ಅದು ಹಳೆಯ ವಿಳಾಸ ಹೊತ್ತುಕೊಂಡೇ ಡೇಟಾ ಪ್ಯಾಕೆಟ್ ಕಳಿಸುತ್ತದೆ, ನಮ್ಮ ಜಾಲದ ಹೆಬ್ಬಾಗಿಲಾದ ಗೇಟ್‌ವೇ ಅದನ್ನು ಕಸಕ್ಕೆ ಹಾಕುತ್ತದೆ. ಮಾನದಂಡದ ಡೀಫಾಲ್ಟ್ ಪ್ರಕಾರ ಆ ವಿಳಾಸ 7 ದಿನ ಆದ್ಯತೆಯಲ್ಲಿ, 30 ದಿನ ಚಾಲ್ತಿಯಲ್ಲಿ ಇರುತ್ತದೆ. ಪರಿಹಾರ ಎರಡು, ಎರಡೂ ಬೇಕು. ರೇಡಿಯಸ್‌ನ 123ನೇ ಗುಣಲಕ್ಷಣದಲ್ಲಿ ಪ್ರತಿ ಯೂಸರ್‌ನೇಮ್‌ಗೂ ಕಾಯಂ ಪ್ರಿಫಿಕ್ಸ್ ಬರೆದಿಡುವುದು ಮೊದಲನೆಯದು. ಬಾಕ್ಸು ಮನೆಯ ಸಾಧನಗಳಿಗೆ ವಿಳಾಸ ತಿಳಿಸುವ ಪ್ರಕಟಣೆಯಲ್ಲಿ ಆ ಅವಧಿಗಳನ್ನು 45 ಮತ್ತು 90 ನಿಮಿಷಕ್ಕೆ ಇಳಿಸುವುದು ಎರಡನೆಯದು. ಕಾಯಂ ಪ್ರಿಫಿಕ್ಸ್‌ನಿಂದ ಇನ್ನೊಂದು ಲಾಭವೂ ಇದೆ: ಪೊಲೀಸರು ವಿವರ ಕೇಳಿದಾಗ ಒಂದು ಸಾಲಿನ ದಾಖಲೆ ಸಾಕು. ಹಂಚಿಕೊಂಡ ಐಪಿವಿ4ನಲ್ಲಾದರೆ ಪೋರ್ಟ್ ಸಂಖ್ಯೆಯೂ ನಿಖರ ಸಮಯವೂ ಇಲ್ಲದೆ 64 ಮನೆಗಳಲ್ಲಿ ಯಾವುದೆಂದು ಹೇಳಲಾಗದು.

ಹೆಲ್ಪ್‌ಲೈನ್‌ನಲ್ಲಿ ಫೋನ್ ಎತ್ತಿದವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ‘ಯೂಟ್ಯೂಬ್ ಬರುತ್ತೆ, ಬ್ಯಾಂಕ್ ಪೇಜ್ ಮಾತ್ರ ರೌಂಡ್ ಹೊಡೀತಾನೇ ಇರುತ್ತೆ’ ಎಂಬ ದೂರು ಬಂದರೆ ‘ಬಾಕ್ಸ್ ಆಫ್ ಮಾಡಿ ಆನ್ ಮಾಡಿ’ ಎಂದು ಸಾಗಹಾಕಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ ಪಿಪಿಪಿಒಇ ಲೈನಿನಲ್ಲಿ ಪ್ಯಾಕೆಟ್ಟಿನ ಮಿತಿ 1500 ಅಲ್ಲ, 1492 ಬೈಟ್. ಐಪಿವಿ6ನಲ್ಲಿ ದಾರಿಮಧ್ಯದ ರೌಟರ್ ಪ್ಯಾಕೆಟ್ಟನ್ನು ತುಂಡರಿಸುವುದಿಲ್ಲ. ‘ದೊಡ್ಡದಾಯ್ತು, ಚಿಕ್ಕದು ಕಳಿಸು’ ಎಂದು ಐಸಿಎಂಪಿವಿ6 ಸಂದೇಶ ವಾಪಸ್ ಕಳಿಸುತ್ತದೆ. ಎಲ್ಲೋ ಒಂದು ಫೈರ್‌ವಾಲ್ ಆ ಸಂದೇಶವನ್ನು ತಡೆದರೆ ಆ ತುದಿಯ ಸರ್ವರ್ ದೊಡ್ಡ ಪ್ಯಾಕೆಟ್ಟನ್ನೇ ಮತ್ತೆ ಮತ್ತೆ ಕಳಿಸುತ್ತ ಕೂರುತ್ತದೆ. ಸಂಪರ್ಕವಂತೂ ಏರ್ಪಟ್ಟಿರುತ್ತದೆ, ಹಾಗಾಗಿ ಬ್ರೌಸರ್ ಐಪಿವಿ4 ಕಡೆ ಹೊರಳುವುದೂ ಇಲ್ಲ.

ಪತ್ತೆ ಹಚ್ಚುವ ಕ್ರಮ ಸರಳ. ವಿಂಡೋಸ್‌ನಲ್ಲಿ ಐಪಿವಿ6 ಪಿಂಗ್‌ಗೆ (ಉತ್ತರ ಬರುತ್ತದೆಯೇ ಎಂದು ನೋಡುವ ಕಮಾಂಡ್) 1232 ಬೈಟ್ ಹಾಕಿ ನೋಡಿ, ಆಮೇಲೆ 1444. ಹೆಡರ್‌ಗಳ (ಪ್ಯಾಕೆಟ್ಟಿನ ತಲೆಬರಹ) 48 ಬೈಟ್ ಕೂಡಿದರೆ ಇವು 1280 ಮತ್ತು 1492 ಆಗುತ್ತವೆ. ಮೊದಲನೆಯದಕ್ಕೆ ಉತ್ತರ ಬಂದು ಎರಡನೆಯದಕ್ಕೆ ಬಾರದಿದ್ದರೆ ದಾರಿ 1492ಕ್ಕಿಂತಲೂ ಕಿರಿದು. ಎರಡಕ್ಕೂ ಬಂದೂ ಪೇಜ್ ರೌಂಡ್ ಹೊಡೆಯುತ್ತಿದ್ದರೆ ಮೇಲೆ ಹೇಳಿದ ತೊಂದರೆಯೇ ಇರಬಹುದು. ಗೇಟ್‌ವೇಯಲ್ಲಿ ಟಿಸಿಪಿ ಎಂಎಸ್‌ಎಸ್ ಅನ್ನು (ಒಂದು ಪ್ಯಾಕೆಟ್ಟಿನಲ್ಲಿ ಹೋಗುವ ಡೇಟಾದ ಮಿತಿ) 1432ಕ್ಕೆ ಕಟ್ಟಿದರೆ ಆಗ ಬ್ಯಾಂಕ್ ಪೇಜ್ ತೆರೆದುಕೊಳ್ಳುತ್ತದೆ. ಐಪಿವಿ4ನ 1452 ಇಲ್ಲಿ ನಡೆಯದು, ಹೆಡರ್ 20 ಬೈಟ್ ದೊಡ್ಡದು. ದೂರು ಕೊಟ್ಟ ಗ್ರಾಹಕರಿಗೂ ಇಷ್ಟೇ ಋಣಿ. ‘ನೆಟ್ ಇಲ್ಲ’ ಅನ್ನುವ ಬದಲು ಯಾವ ಪೇಜ್, ಎಷ್ಟು ಹೊತ್ತಿಗೆ ಎಂದು ಹೇಳಿದ ಪ್ರತಿಯೊಬ್ಬರೂ ನಮ್ಮ ಒಂದು ದಿನ ಉಳಿಸಿದ್ದಾರೆ.

ಪಿಪಿಪಿಒಇ ಬಿಟ್ಟು ಲಾಗಿನ್ ಇಲ್ಲದೆ ವಿಳಾಸ ಕೊಡುವ ನೇರ ಡಿಎಚ್‌ಸಿಪಿಗೆ ಹೋದ ಕಡೆ ಈ 8 ಬೈಟಿನ ಕಾಟವಿಲ್ಲ, ಆದರೆ ಮನೆಗಳ ಫೈಬರನ್ನು ನಮ್ಮ ತುದಿಯಲ್ಲಿ ಕೂಡಿಸುವ ಯಂತ್ರ ಓಎಲ್‌ಟಿಯದು ಇದೆ. ಗೊತ್ತಿಲ್ಲದ ಮಲ್ಟಿಕಾಸ್ಟ್ (ಒಂದೇ ಸಲ ಹಲವರಿಗೆ ಕಳಿಸುವ ಸಂದೇಶ) ತಡೆಯುವ ಸೆಟ್ಟಿಂಗ್ ಆನ್ ಇದ್ದರೆ 33:33 ಎಂದು ವಿಳಾಸ ಶುರುವಾಗುವ ಐಪಿವಿ6 ಫ್ರೇಮುಗಳೆಲ್ಲ (ಲೈನಿನಲ್ಲಿ ಓಡುವ ಡೇಟಾ ಕಟ್ಟುಗಳು) ಅಲ್ಲೇ ಸತ್ತುಹೋಗುತ್ತವೆ. ರೌಟರ್ ಪ್ರಕಟಣೆ ಮನೆ ಸೇರುವುದಿಲ್ಲ.

ಸಿಸಿಟಿವಿ ಹಾಕುವ ಹುಡುಗರಿಗೂ ಥ್ಯಾಂಕ್ಸ್. ಐಪಿವಿ6ನಲ್ಲಿ ನ್ಯಾಟ್ ಎಂಬ, ಒಂದೇ ವಿಳಾಸದ ಹಿಂದೆ ಮನೆಯನ್ನೆಲ್ಲ ಮರೆಮಾಡುವ ಗೋಡೆ ಇಲ್ಲ. ಬಾಕ್ಸಿನ ಫೈರ್‌ವಾಲ್ ಆಫ್ ಇದ್ದರೆ ಕ್ಯಾಮೆರಾ ದೃಶ್ಯ ದಾಖಲಿಸುವ ಡಿವಿಆರ್ ಬೀದಿಗೆ ಬಂದು ನಿಂತ ಹಾಗೆ. ಹೊರಗಿನಿಂದ ಬರುವುದನ್ನೆಲ್ಲ ತಡೆದು, ಡಿವಿಆರ್‌ನ ಒಂದು ಪೋರ್ಟ್ ಮಾತ್ರ ತೆರೆದು, ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿ ಎಂಬ ನಮ್ಮ ಗೋಳನ್ನು ಅವರು ತಾಳ್ಮೆಯಿಂದ ಕೇಳಿದರು.

ಕೊನೆಗೆ, ಏಣಿ ಹೊತ್ತು ಮನೆ ಮನೆ ಹತ್ತಿದ ಲೈನ್ ಹುಡುಗರು ಮತ್ತು ಕೇಬಲ್ ಆಪರೇಟರ್ ಅಣ್ಣಂದಿರು. ಬಾಕ್ಸ್ ಬದಲಿಸಿದಾಗ ಹಳೆಯ ಅಡಾಪ್ಟರನ್ನೂ ಕಿತ್ತು ತರಬೇಕೆಂದು ಕಲಿಸಿದ್ದು ಅವರೇ. ಎರಡೂ 12 ವೋಲ್ಟ್, ಪಿನ್ನೂ ಒಂದೇ. ಆದರೆ ಹಳೆಯದು ಅರ್ಧ ಆಂಪಿಯರ್, ಹೊಸ ಬಾಕ್ಸಿಗೆ ಒಂದೂವರೆ ಬೇಕು. ಹಗಲೆಲ್ಲ ಸುಮ್ಮನಿದ್ದು, ಸಂಜೆ ಮನೆಮಂದಿಯೆಲ್ಲ ವೈಫೈ ಹಿಡಿದಾಗ ಬಾಕ್ಸ್ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲು ಅಡಾಪ್ಟರಿನ ಬೆನ್ನ ಮೇಲಿನ ಚೀಟಿ ಓದಿ, ಆಮೇಲೆ ನಮಗೆ ಫೋನ್ ಮಾಡಿ.