ತಾಲ್ಲೂಕು ಪಂಚಾಯಿತಿಗೆ ಚುನಾವಣೆ ಯಾವಾಗ? ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಮ್ಮೂರ ಅಂಗನವಾಡಿಯ ಚಾವಣಿ ಎರಡು ಮಳೆಗಾಲದಿಂದ ಸೋರುತ್ತಿದೆ. ಮಳೆ ಶುರುವಾದರೆ ಕಾರ್ಯಕರ್ತೆ ಮಕ್ಕಳ ಚಾಪೆಯನ್ನು ಮೂಲೆಗೆ ಎಳೆಯುತ್ತಾರೆ. ಅಲ್ಲೂ ತೊಟ್ಟಿಕ್ಕಿದರೆ ಬಾಗಿಲ ಹತ್ತಿರಕ್ಕೆ. ಅಕ್ಕಿ ಮೂಟೆಗೆ ಟಾರ್ಪಾಲು ಹೊದಿಸಿಟ್ಟಿದ್ದಾರೆ.

ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿದೆ. "ಅದು ತಾಲ್ಲೂಕು ಪಂಚಾಯಿತಿಗೆ ಬರುತ್ತೆ ಅಮ್ಮ" ಅಂದರು. ಅಲ್ಲಿ ಹೋದರೆ ಕ್ರಿಯಾ ಯೋಜನೆಯಲ್ಲಿ, ಅಂದರೆ ವರ್ಷದ ಕೆಲಸಗಳ ಪಟ್ಟಿಯಲ್ಲಿ, ನಮ್ಮೂರ ಹೆಸರೇ ಇಲ್ಲ. ಯಾರು ಸೇರಿಸಬೇಕು? ಚುನಾಯಿತ ಸದಸ್ಯರಿಲ್ಲದ್ದಕ್ಕೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ. ಅವರು ಮೀಟಿಂಗ್‌ನಲ್ಲಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಇಡೀ ತಾಲ್ಲೂಕನ್ನು ಒಬ್ಬರೇ ಎಷ್ಟು ಅಂತ ನೋಡಿಯಾರು?

ಮೊದಲು ತಾಲ್ಲೂಕು ಪಂಚಾಯಿತಿಯಲ್ಲಿ ನಮಗೊಬ್ಬ ಸದಸ್ಯೆ ಇದ್ದರು. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಬಂದಾಗ ಸಿಕ್ಕಿಬಿಡುತ್ತಿದ್ದರು. ಕ್ಯಾನ್ ಕೆಳಗಿಡುವ ಮೊದಲೇ ನಾವು ಹಿಡಿದುಕೊಳ್ಳುತ್ತಿದ್ದೆವು: ಮೋರಿ ಕಟ್ಟಿದೆ, ಬೋರ್ ಮೋಟಾರು ಸುಟ್ಟಿದೆ, ಶಾಲೆ ಕಾಂಪೌಂಡು ಬಿದ್ದಿದೆ. ಎಲ್ಲಾ ಕೆಲಸ ಆಗುತ್ತಿತ್ತು ಅಂತ ಹೇಳಲಾರೆ. ಆದರೆ ಕೇಳಲು ಒಂದು ಮುಖ ಇತ್ತು. ಉತ್ತರ ಕೊಡದಿದ್ದರೂ ಮತ್ತೆ ವೋಟು ಕೇಳಲು ಬರಲೇಬೇಕು ಅನ್ನೋ ಹೆದರಿಕೆ ಅವರಿಗೂ ಇತ್ತು.

2016ರ ಫೆಬ್ರವರಿಯಲ್ಲಿ ಕ್ಯೂ ನಿಂತು ಆರಿಸಿದ ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಈಗ 2025ರ ದೀಪಾವಳಿಯೂ ಬಂತು. ಜಿಲ್ಲಾ ಪಂಚಾಯಿತಿಗೂ ಇಲ್ಲ, ತಾಲ್ಲೂಕು ಪಂಚಾಯಿತಿಗೂ ಇಲ್ಲ, ಚುನಾವಣೆಯೇ ಇಲ್ಲ. ಕ್ಷೇತ್ರಗಳ ಗಡಿ, ಮೀಸಲಾತಿ ನಿಗದಿ ಮಾಡುವುದು ರಾಜ್ಯ ಚುನಾವಣಾ ಆಯೋಗದ ಕೆಲಸವಾಗಿತ್ತು. 2021ರಲ್ಲಿ ಕಾನೂನು ತಿದ್ದಿ ಅದನ್ನು ಬೇರೆ ಆಯೋಗಕ್ಕೆ ಕೊಟ್ಟರು. ಆಮೇಲೆ ಕೋರ್ಟು, ಗಡುವು, ಮತ್ತೆ ಗಡುವು. ನಡುವೆ ಒಂದು ಪಕ್ಷದ ಸರ್ಕಾರ ಹೋಗಿ ಇನ್ನೊಂದು ಪಕ್ಷದ್ದು ಬಂತು. ಅದಕ್ಕೇ ಇದು ಒಂದೇ ಪಕ್ಷದ ತಪ್ಪು ಅಂತ ನಾನು ಹೇಳುವುದಿಲ್ಲ.

ಸಂವಿಧಾನದ 243ಇ ವಿಧಿ ಓದಿದರೆ ಗೊಂದಲವೇ ಇಲ್ಲ. ಪಂಚಾಯಿತಿಯ ಅವಧಿ ಐದು ವರ್ಷ, ಅದಕ್ಕಿಂತ ಜಾಸ್ತಿ ಇಲ್ಲ. ಆ ಐದು ವರ್ಷ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿಸಿರಬೇಕು. ಗಡಿ ಗುರುತಿಸುವ ಕೆಲಸ, ಮೀಸಲಾತಿ ಕೆಲಸ ಬಾಕಿ ಇದೆ ಅಂತ ಸ್ಥಳೀಯ ಚುನಾವಣೆ ನಿಲ್ಲಿಸುವ ಹಾಗಿಲ್ಲ ಎಂದು 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಾವು ಬೆಳೆ ಸಾಲದ ಕಂತು ತಡ ಮಾಡಿದರೆ ಮನೆ ಬಾಗಿಲಿಗೆ ನೋಟಿಸ್ ಬರುತ್ತದೆ. ಕಾಯ್ದೆ ನಮಗೆ ಇಷ್ಟು ಬಿಗಿ, ಸರ್ಕಾರಕ್ಕೆ ಮಾತ್ರ ಸಡಿಲ. ಇದು ಸರೀನಾ, ನೀವೇ ಹೇಳಿ.

ದುಡ್ಡಿನ ಮಾತೂ ಇದೆ. ಚುನಾಯಿತ ಮಂಡಳಿ ಇಲ್ಲದ ಪಂಚಾಯಿತಿಗೆ ಕೇಂದ್ರ ಹಣಕಾಸು ಆಯೋಗದ ಅನುದಾನ ಬಿಡುಗಡೆ ಆಗುವುದಿಲ್ಲ. ಅಂದರೆ ಚುನಾವಣೆ ನಡೆಸದ ದಂಡವನ್ನು ಕಟ್ಟುತ್ತಿರುವುದು ಆ ಅಂಗನವಾಡಿಯ ಮಕ್ಕಳು. ರಾಜ್ಯ ಬಜೆಟ್ಟಿನಿಂದ ಬರುವ ಹಣವನ್ನೂ ಯಾವ ಊರಿಗೆ ಎಷ್ಟು ಅಂತ ಸಭೆಯಲ್ಲಿ ಕೂತು ಕೇಳುವವರಿಲ್ಲ.

ಒಂದು ಕಾಲಕ್ಕೆ ಪಂಚಾಯಿತಿ ರಾಜ್ ಅಂದರೆ ದೇಶ ನಮ್ಮ ಕರ್ನಾಟಕದ ಕಡೆ ನೋಡುತ್ತಿತ್ತು. ಅಬ್ದುಲ್ ನಜೀರ್ ಸಾಬ್ ಪಂಚಾಯಿತಿ ರಾಜ್ ಮಂತ್ರಿಯಾಗಿದ್ದಾಗ, 1987ರಲ್ಲಿ, ಜಿಲ್ಲಾ ಪರಿಷತ್ತಿಗೆ (ಆಗಿನ ಜಿಲ್ಲಾ ಮಟ್ಟದ ಪಂಚಾಯಿತಿ) ಚುನಾವಣೆ ಆಗಿ ಹೆಂಗಸರು ಮೀಸಲು ಸೀಟಿನಿಂದ ಗೆದ್ದು ಬಂದರು. ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟ 73ನೇ ತಿದ್ದುಪಡಿ ಬಂದದ್ದು ಆಮೇಲೆ. ಈಗ ಕಾನೂನಿನಲ್ಲಿ ಅರ್ಧ ಸೀಟು ಹೆಂಗಸರದ್ದು. ಆ ಕುರ್ಚಿಗಳೆಲ್ಲ ಖಾಲಿ. ನನಗೆ ನಿಜಕ್ಕೂ ನೋವಾಗುವುದು ಇಲ್ಲಿ. ನಮ್ಮ ಸ್ವಸಹಾಯ ಸಂಘದಲ್ಲಿ ಲೆಕ್ಕ ಬರೆಯುವ ಹುಡುಗಿಯರು ಇದ್ದಾರೆ, ನಿಂತರೆ ಗೆಲ್ಲುತ್ತಾರೆ. ಅವರ ವಯಸ್ಸು ಕಾಯುವುದಿಲ್ಲ, ಅಲ್ವಾ?

ಸದಸ್ಯರಿಲ್ಲದಿದ್ದರೆ ಶಾಸಕರಿಗೇ ಅನುಕೂಲ ಅಂತ ಜನ ಮಾತಾಡುತ್ತಾರೆ. ನಾನು ಅದನ್ನು ನಂಬಲು ತಯಾರಿಲ್ಲ. ಕಾಯ್ದೆ ಪ್ರಕಾರ ತಾಲ್ಲೂಕು ಪಂಚಾಯಿತಿಯಲ್ಲಿ ನಿಮಗೂ ಒಂದು ಕುರ್ಚಿ ಇದೆ, ವೋಟೂ ಇದೆ. ನಿಮ್ಮ ಪಕ್ಕದ ಕುರ್ಚಿಗಳು ತುಂಬಲಿ ಅಂತ ನೀವೇ ಕೇಳಬೇಕು.

ಬೆಳಗಾವಿ ಅಧಿವೇಶನದಲ್ಲಿ ಮಂತ್ರಿಗಳು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕಾದ ಒಂದು ಚುಕ್ಕೆ ಗುರುತಿನ ಪ್ರಶ್ನೆ ಹಾಕಿ: ಚುನಾವಣೆ ಯಾವ ತಾರೀಖು? ಸರ್ಕಾರ ಕೊಡುವ ಉತ್ತರದ ಪ್ರತಿಯನ್ನು ನಮ್ಮ ಗ್ರಾಮ ಸಭೆಗೆ ಕಳಿಸಿ. ನಾನೇ ಎದ್ದು ನಿಂತು ಓದುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು