ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಕ್ಕ ಅಣ್ಣನಿಗೆ

ಅಣ್ಣಾ, ನಿಮ್ಮ ಹೆಸರು ಕೇಳಲಿಲ್ಲ, ಅದೇ ಬೇಜಾರು.

ನಾಲ್ವರು ಒಟ್ಟಿಗೆ ಆಡುವ ಆರ್ಕೇಡ್ ಪ್ಯಾನೆಲ್ಲನ್ನು (ವಿಡಿಯೋ ಗೇಮಿನ ಗುಂಡಿಗಳ ಹಲಗೆ) ಪ್ಲೈವುಡ್ಡಿನಲ್ಲಿ ನಾನೇ ಕಟ್ಟುತ್ತಿದ್ದೆ. ಗುಂಡಿಗಳ ವೈರು ಸೇರುವ ಕಂಟ್ರೋಲರ್ ಬೋರ್ಡಿನ ಪಿನ್ ಉಳಿಸಲೆಂದು 40 ಸ್ವಿಚ್ಚುಗಳನ್ನು 5 ಅಡ್ಡಸಾಲು, 8 ಉದ್ದಸಾಲಾಗಿ ಜೋಡಿಸಿ 13 ಪಿನ್ನಿನಲ್ಲೇ ಮುಗಿಸಿದ್ದೆ. ಒಬ್ಬರೇ ಆಡಿದರೆ ಸರಿ. ಮಕ್ಕಳೆಲ್ಲ ಕೂತರೆ, ಮೂರು ಗುಂಡಿ ಒತ್ತಿದಾಗ ಯಾರೂ ಮುಟ್ಟದ ನಾಲ್ಕನೆಯದೂ ಒತ್ತಿದಂತಾಗುತ್ತಿತ್ತು. ವಾರಗಟ್ಟಲೆ ಪ್ರೋಗ್ರಾಮಿನಲ್ಲೇ ತಪ್ಪು ಹುಡುಕಿದೆ.

ಅಂಗಡಿಯಲ್ಲಿ ಪಕ್ಕ ನಿಂತಿದ್ದ ನೀವು ನನ್ನ ವೈರಿಂಗ್ ಚಿತ್ರ ನೋಡಿ, "ಕರೆಂಟು ಹಿಂದಕ್ಕೆ ಹರೀತಿದೆ, ಪ್ರತಿ ಸ್ವಿಚ್ಚಿಗೂ ಒಂದೊಂದು ಡಯೋಡ್ ಹಾಕಿ" ಅಂದಿರಿ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಆ ಡಯೋಡಿನ ಕಪ್ಪು ಗೆರೆ ಯಾವ ಕಡೆ ಬರಬೇಕೆಂದು ಚೀಟಿಯ ಹಿಂದೆ ಬರೆದೂ ಕೊಟ್ಟಿರಿ. ಆ ಚೀಟಿಯನ್ನು ಪ್ಯಾನೆಲ್ಲಿನ ಒಳಗೇ ಅಂಟಿಸಿದ್ದೇನೆ.

ನಿನ್ನೆ ನಾಲ್ವರೂ ಆಟ ಬಿಟ್ಟು ರಾತ್ರಿ ಊಟಕ್ಕೆ ಏಳಲೇ ಇಲ್ಲ. ತುಂಬಾ ಥ್ಯಾಂಕ್ಸ್ ಅಣ್ಣಾ.