ಹೊರದೇಶದ ಬೀಜ, ನಮ್ಮ ಹೊಲ: ನಮ್ಮ ಸಂಸದರಿಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯ ಸಂಸದರಿಗೆ ರಾಣೆಬೆನ್ನೂರು ತಾಲ್ಲೂಕಿನ ಬೀಜ ಬೆಳೆಗಾರನೊಬ್ಬನ ನಮಸ್ಕಾರಗಳು.

ಸಾಹೇಬ್ರೇ, ರೋಡು, ಕುಡಿಯೋ ನೀರು, ಬೆಳೆ ವಿಮೆ ಅಂತ ದಿನಾ ಎಷ್ಟೋ ಅರ್ಜಿ ನಿಮ್ಮ ಕೈಗೆ ಬರ್ತಾವೆ, ಅದು ನಂಗೂ ಗೊತ್ತು. ನಾನು ಬರೀತಿರೋದು ಬಿತ್ತನೆಗೆ ಅಂತ ಹೊರದೇಶದಿಂದ ಬರೋ ಬೀಜದ ಬಗ್ಗೆ. ಈ ವಿಚಾರ ವಿಧಾನಸಭೇಲಿ ಬಗೆಹರಿಯೋದಲ್ಲ, ದೆಹಲಿಯಲ್ಲೇ ಆಗ್ಬೇಕು, ಅದಕ್ಕೇ ನಿಮಗೆ ಬರೀತಿದೀನಿ.

ನಮ್ಮ ಕಡೆ ಊರೂರಲ್ಲೂ ಬಿಳಿ ನೆಟ್ ಹೌಸ್ ಕಾಣ್ತಾವಲ್ಲ, ಅದರೊಳಗೆ ಟೊಮ್ಯಾಟೊ, ಮೆಣಸಿನಕಾಯಿ ಹೈಬ್ರಿಡ್ ಬೀಜ ತಯಾರಾಗ್ತಾವೆ. ಕಂಪನಿಯೋರು ಗಂಡು ಬೀಜ, ಹೆಣ್ಣು ಬೀಜ ಅಂತ ಬೇರೆ ಬೇರೆ ಪ್ಯಾಕೆಟ್ ಕೊಡ್ತಾರೆ, ಅದ್ರಲ್ಲಿ ಎಷ್ಟೋ ಹೊರದೇಶದಿಂದ ಬಂದಿರೋವು, ನಾವು ಇಲ್ಲಿ ಗಂಡು ಗಿಡದ ಪರಾಗ ಹೆಣ್ಣು ಗಿಡದ ಹೂವಿಗೆ ಮುಟ್ಟಿಸಿ, ಅಂದ್ರೆ ಕ್ರಾಸ್ ಮಾಡಿ, ಕೊಟ್ಟ ಬೀಜ ಮತ್ತೆ ಹೊರದೇಶಕ್ಕೂ ಹೋಗುತ್ತೆ. ಕೆಲಸ ಎಲ್ಲಾ ಕೈಯಲ್ಲೇ. ಸಂಜೆ ನಾಲ್ಕರ ಮೇಲೆ ಹೆಣ್ಣುಮಕ್ಳು ಸಾಲು ಹಿಡಿದು ಕೂತು, ನಾಳೆ ಅರಳೋ ಮೊಗ್ಗನ್ನ ಚಿಮುಟದಿಂದ ಬಿಡಿಸಿ ಒಳಗಿನ ಗಂಡು ಕೇಸರ ತೆಗೀತಾರೆ, ಮಾರನೇ ದಿನ ಬೆಳಿಗ್ಗೆ ಬೆರಳಿಗೆ ಹಾಕ್ಕೊಂಡಿರೋ ರಿಂಗಲ್ಲಿ ಗಂಡು ಗಿಡದ ಪುಡಿ ತುಂಬ್ಕೊಂಡು ಒಂದೊಂದೇ ಹೂವಿಗೆ ಮುಟ್ಟಿಸ್ತಾರೆ. ಮುಟ್ಟಿಸಿದ ಹೂವಿನ ಗುರುತಿಗೆ ಅದರ ಹಸಿರು ಎಸಳು ಎರಡು ಕತ್ತರಿಸಿ ಬಿಡ್ತಾರೆ. ಒಬ್ಬೊಬ್ಬಳು ದಿನಕ್ಕೆ ನೂರಾರು ಹೂವು ಮುಟ್ತಾಳೆ, ಈ ಗಿಡದಿಂದ ಆ ಗಿಡಕ್ಕೆ, ಆ ಗಿಡದಿಂದ ಇನ್ನೊಂದಕ್ಕೆ.

ಟೊಮ್ಯಾಟೊ, ಕ್ಯಾಪ್ಸಿಕಂಗೆ ಬರೋ ಒಂದು ಹೊಸ ವೈರಸ್ ಇದೆ, ಟೊಮ್ಯಾಟೊ ಬ್ರೌನ್ ರುಗೋಸ್ ಫ್ರೂಟ್ ವೈರಸ್ ಅಂತಾರೆ. ಮೊದಲು ಕಂಡಿದ್ದು ಇಸ್ರೇಲಲ್ಲಿ 2014ರಲ್ಲಿ, ಮಾರನೇ ವರ್ಷ ಜೋರ್ಡಾನಲ್ಲಿ, ಆಮೇಲೆ ಯುರೋಪ್, ಮೆಕ್ಸಿಕೊ, ಅಮೆರಿಕ, ಚೀನಾ ಎಲ್ಲಾ ಕಡೆ ಹರಡ್ತು. ಇದು ಹರಡೋಕೆ ಹುಳ ಬೇಕಾಗಿಲ್ಲ, ಗಿಡ ಮುಟ್ಟಿದ ಕೈ, ಚಿಮುಟ, ಬಟ್ಟೆ ಸಾಕು. ಬೀಜದ ಸಿಪ್ಪೆ ಮೇಲೆ ಕೂತಿರುತ್ತೆ, ಆ ಬೀಜದಿಂದ ಸಸಿಗೆ ಹತ್ತೋದು ಬಹಳ ಕಮ್ಮಿ, ಆದ್ರೆ ಒಂದೇ ಒಂದು ಸಸಿಗೆ ಹತ್ತಿದ್ರೂ ಮುಂದಿನ ಕೆಲಸ ನಮ್ಮ ಕೈಗಳೇ ಮಾಡ್ತಾವೆ. ಒಮ್ಮೆ ಹತ್ತಿದ ಗಿಡಕ್ಕೆ ಔಷಧಿ ಇಲ್ಲ, ಕಿತ್ತು ಸುಡೋದೊಂದೇ. ಕೈಯಲ್ಲಿ ಕ್ರಾಸಿಂಗ್ ಮಾಡೋ ನಮ್ಮಂಥ ತಾಲ್ಲೂಕಿಗೆ ಅದು ನುಗ್ಗಿದ್ರೆ ಏನಾಗುತ್ತೆ ಅನ್ನೋದನ್ನ ನೆನೆಸ್ಕೊಂಡ್ರೆ ರಾತ್ರಿ ನಿದ್ದೆ ಬರಲ್ಲ ಸಾಹೇಬ್ರೇ.

ಇದೇ ವೈರಸ್ ಅಂತಲ್ಲ, ನಾಲ್ಕು ವರ್ಷದ ಹಿಂದೆ ನನ್ನ ಪ್ಲಾಟಲ್ಲೇ ಮೊಸಾಯಿಕ್ ಅನ್ನೋ ವೈರಸ್ ರೋಗ ಬಿತ್ತು. ಮೊದಲು ಎರಡು ಸಾಲಲ್ಲಿ ಎಲೆ ಮೇಲೆ ಹಸಿರು ಹಳದಿ ಮಚ್ಚೆ, ಎಂಟು ದಿನದಲ್ಲಿ ಅರ್ಧ ನೆಟ್ ಹೌಸ್. ಕೆಲಸಕ್ಕೆ ಬರ್ತಿದ್ದ ಅಕ್ಕ ಒಬ್ರು "ಅಣ್ಣಾ, ನಮ್ಮ ಕೈಯಿಂದ ಆತೇನೋ" ಅಂತ ಅತ್ತೇಬಿಟ್ರು, ಅದು ಇವತ್ತಿಗೂ ಕಣ್ಮುಂದೆ ಇದೆ. ಬೀಜ ಕೊಟ್ಟಿದ್ದ ಕಂಪನಿಯೋರು ಬಂದು ನೋಡಿ, ಸ್ಯಾಂಪಲ್ ಫೇಲ್ ಅಂತ ಇಡೀ ಮಾಲು ರಿಜೆಕ್ಟ್ ಮಾಡಿದ್ರು, ಕೂಲಿ ಗೊಬ್ಬರದ ಸಾಲ ನನ್ನ ತಲೆ ಮೇಲೆ. ರೋಗ ಬೀಜದ ಜೊತೇಲೇ ಬಂತೋ ಪಕ್ಕದ ಹೊಲದಿಂದ ಬಂತೋ ಅಂತ ಕೇಳೋಕೆ ಹೋದ್ರೆ, ಆ ಪ್ಯಾಕೆಟ್ ಯಾವ ದೇಶದ್ದು, ಯಾವ ಟೆಸ್ಟ್ ಆಗಿತ್ತು ಅನ್ನೋದಕ್ಕೆ ನನ್ನ ಹತ್ರ ಒಂದು ಚೀಟಿನೂ ಇರ್ಲಿಲ್ಲ.

ಕಾನೂನು ಇಲ್ಲ ಅಂತ ನಾನು ಹೇಳ್ತಿಲ್ಲ. 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದ ಪ್ರಕಾರ ಬಿತ್ತನೆ ಬೀಜ ತರ್ಸೋರು ಮೊದಲು ಆಮದು ಪರ್ಮಿಟ್ ತಗೋಬೇಕು, ಕಳ್ಸೋ ದೇಶದ ಸರ್ಕಾರದಿಂದ ಸಸ್ಯ ಆರೋಗ್ಯ ಸರ್ಟಿಫಿಕೇಟ್ ಜೊತೆಗೆ ಬರಬೇಕು, ಮಣ್ಣು ಇರಬಾರ್ದು, ನಿಷೇಧ ಇರೋ ಕಳೆ ಬೀಜ ಇರಬಾರ್ದು, ಯಾವ ಬೆಳೆಗೆ ಯಾವ ದೇಶದಿಂದ ಯಾವ ರೋಗ ಇರಕೂಡದು ಅಂತ ದೊಡ್ಡ ಪಟ್ಟಿನೇ ಇದೆ. ಬಂದರು, ಏರ್‌ಪೋರ್ಟಲ್ಲಿ ಸ್ಯಾಂಪಲ್ ತೆಗೆದು ನೋಡ್ತಾರೆ, ಸರಿ ಇಲ್ಲಾಂದ್ರೆ ವಾಪಸ್ ಕಳ್ಸೋದು ಇಲ್ಲಾ ನಾಶ ಮಾಡೋದು. ಸಂಶೋಧನೆಗೆ ಬರೋ ತಳಿಗಳನ್ನ ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋ, ಅಂದ್ರೆ ಎನ್‌ಬಿಪಿಜಿಆರ್ ಪರೀಕ್ಷೆ ಮಾಡುತ್ತೆ, ಅಲ್ಲಿನೋರ ಕೆಲಸದ ಬಗ್ಗೆ ನಂಗೆ ಗೌರವ ಇದೆ. ಆದ್ರೆ ಈ ಆದೇಶ ನಿಂತಿರೋದು ಯಾವ ಕಾಯ್ದೆ ಮೇಲೆ ಗೊತ್ತಾ, 1914ರ ಕೀಟ ಮತ್ತು ಪೀಡೆ ಕಾಯ್ದೆ ಮೇಲೆ. ಬ್ರಿಟಿಷರು ಹಡಗಲ್ಲಿ ಮಾಲು ತರ್ತಿದ್ದ ಕಾಲದ್ದು, ವೈರಸ್ ಅಂದ್ರೇನು ಅಂತ ವಿಜ್ಞಾನಿಗಳಿಗೇ ಪೂರ್ತಿ ತಿಳೀದಿದ್ದ ಕಾಲದ್ದು. ಇದನ್ನ ತೆಗೆದು ಹೊಸದು ತರೋಕೆ 2013ರಲ್ಲಿ ಕೃಷಿ ಜೈವಿಕ ಸುರಕ್ಷತಾ ಮಸೂದೆ ಅಂತ ಲೋಕಸಭೇಲಿ ಮಂಡನೆ ಆಗಿತ್ತು, ಗಿಡ, ಪ್ರಾಣಿ ಎರಡಕ್ಕೂ ಸೇರಿ ಒಂದು ಪ್ರಾಧಿಕಾರ ಮಾಡ್ತೀವಿ ಅಂದಿದ್ರು. 2014ರಲ್ಲಿ ಆ ಲೋಕಸಭೆ ವಿಸರ್ಜನೆ ಆದಾಗ ಮಸೂದೆನೂ ಅಲ್ಲೇ ಬಿದ್ದೋಯ್ತು.

ಒಳಗೆ ಬಂದಮೇಲೆ ಏನಾಗುತ್ತೆ ಅನ್ನೋದಕ್ಕೆ ಬಹಳ ದೂರ ಹೋಗೋದು ಬೇಡ, ನಮ್ಮ ಬದುವಿನ ಮೇಲಿರೋ ಕಾಂಗ್ರೆಸ್ ಕಸ ನೋಡಿ. ಅಮೆರಿಕದಿಂದ ಬಂದ ಗೋಧಿ ಜೊತೆ ಬಂತು ಅಂತಾರೆ, 1955ರ ಸುಮಾರಿಗೆ ಪುಣೆಯಲ್ಲಿ ಕಂಡಿದ್ದು, ಒಂದು ಗಿಡ ಹತ್ತು ಸಾವಿರಕ್ಕೂ ಮೇಲೆ ಬೀಜ ಉದುರಿಸುತ್ತೆ. ಅದನ್ನ ತಿನ್ನೋ ಜೀರುಂಡೆನ ಮೆಕ್ಸಿಕೊದಿಂದ ತರಿಸಿ ಬೆಂಗಳೂರಲ್ಲೇ ಬಿಟ್ರು, ಆದ್ರೂ ಇವತ್ತಿಗೂ ಕೀಳ್ತಾನೇ ಇದೀವಿ, ಮೈ ಕೆರ್ಕೊಳ್ತಾನೇ ಇದೀವಿ.

ಆಸ್ಟ್ರೇಲಿಯಾದಲ್ಲಿ 2014ರಲ್ಲಿ ಕಲ್ಲಂಗಡಿಗೆ ಬೀಜದಿಂದ ಹರಡೋ ಒಂದು ವೈರಸ್ ಬಿತ್ತು, ಆಮೇಲೆ ಅವರು ಸೌತೆ, ಕಲ್ಲಂಗಡಿ ಜಾತಿ ಬೀಜ ಒಳಗೆ ಬರ್ಬೇಕಂದ್ರೆ ಒಂದೊಂದು ಲಾಟಿಗೆ, ಅಂದ್ರೆ ಒಟ್ಟಿಗೆ ಬಂದ ಒಂದೊಂದು ಬೀಜದ ರಾಶಿಗೆ, 9,400 ಬೀಜ ಲ್ಯಾಬಲ್ಲಿ ಟೆಸ್ಟ್ ಆಗ್ಲೇಬೇಕು ಅಂದ್ರು. ಅಷ್ಟು ಬಿಗಿ ಇರೋ ದೇಶಕ್ಕೂ 2024ರಲ್ಲಿ ಆ ಟೊಮ್ಯಾಟೊ ವೈರಸ್ ನುಗ್ಗಿಬಿಡ್ತು. ವೈರಸ್ ಇರೋ ಬೀಜ ಕಣ್ಣಿಗೆ ಚೊಕ್ಕಾಗೇ ಕಾಣುತ್ತೆ ಸಾಹೇಬ್ರೇ, ಭೂತಗನ್ನಡಿ ಹಿಡಿದು ನೋಡಿದ್ರೂ ಗೊತ್ತಾಗಲ್ಲ, ಲ್ಯಾಬ್ ಟೆಸ್ಟೇ ಬೇಕು.

ಇನ್ನು ಟಪಾಲಲ್ಲಿ, ಬ್ಯಾಗಲ್ಲಿ ಬರೋ ಬೀಜ. 2020ರಲ್ಲಿ ಯಾರೂ ಆರ್ಡರ್ ಮಾಡದ ಬೀಜದ ಕವರ್‌ಗಳು ಹಲವು ದೇಶದಲ್ಲಿ ಮನೆಮನೆಗೆ ಬಂದಾಗ ನಮ್ಮ ಕೇಂದ್ರ ಕೃಷಿ ಸಚಿವಾಲಯನೂ ರಾಜ್ಯಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಅದಾದಮೇಲೆ ನಮ್ಮನೇಲೇ ಆಗಿದ್ದು, ನಮ್ಮಣ್ಣನ ಮಗ ಹೊರದೇಶದಿಂದ ಬರುವಾಗ "ಕಾಕಾ, ನಿಮಗಂತ ತಂದೀನಿ" ಅಂತ ಜರ್ಕಿನ್ ಜೇಬಿಂದ ಟೊಮ್ಯಾಟೊ ಬೀಜದ ಪ್ಯಾಕೆಟ್ ತೆಗೆದ. ಪ್ರೀತಿಯಿಂದ ತಂದಿದ್ದ, ಪ್ಯಾಕೆಟ್ ಮೇಲಿನ ಹಣ್ಣು ನೋಡಿದ್ರೆ ನಂಗೂ ಹಾಕೋಣ ಅನ್ನಿಸ್ತು, ಸುಳ್ಳು ಯಾಕೆ ಹೇಳ್ಲಿ. ಮೊಸಾಯಿಕ್ ನೆನಪಾಗಿ ಅವನ ಎದುರೇ ಒಲೆಗೆ ಹಾಕ್ದೆ, ಎರಡು ದಿನ ಹುಡುಗ ಮಾತಾಡ್ಲಿಲ್ಲ. ಅವನದ್ದೇನು ತಪ್ಪು, ಬಿತ್ತೋ ಬೀಜ ಹಂಗೆ ತರಬಾರ್ದು ಅಂತ ಅವನಿಗೆ ಯಾರೂ ಹೇಳಿಲ್ಲ. ಏರ್‌ಪೋರ್ಟಲ್ಲಿ ಚಿನ್ನ ಎಷ್ಟು ತರಬೋದು ಅಂತ ಎಲ್ಲಾರಿಗೂ ಗೊತ್ತು, ಬೀಜದ್ದೂ ಹಂಗೇ ಗೊತ್ತಿರ್ಬೇಕು, ಕನ್ನಡದಲ್ಲೂ ಬೋರ್ಡ್ ಹಾಕ್ಬೇಕು.

ಹೊರಗಿನ ಬೀಜ ಪೂರ್ತಿ ನಿಲ್ಸಿ ಅಂತ ನಾನು ಕೇಳಲ್ಲ, ನಮ್ಮ ಹೊಟ್ಟೆ ತುಂಬ್ತಿರೋದೇ ಅದರಿಂದ. ನೀವು ಸದನದಲ್ಲಿ ಕೃಷಿ ಸಚಿವರನ್ನ ಆ 2013ರ ಮಸೂದೆ ಮತ್ತೆ ಯಾವಾಗ ತರ್ತೀರಿ ಅಂತ ಕೇಳಿ. ತಂದ್ರೆ ಅದರೊಳಗೆ ಬೆಳೆಗಾರನ ಜಾಗನೂ ಇರ್ಲಿ. ಕಂಪನಿ ನಮ್ಮ ಕೈಗೆ ಗಂಡು ಹೆಣ್ಣು ಬೀಜ ಕೊಡುವಾಗ ಆಮದು ಪರ್ಮಿಟ್ ನಂಬರು, ಯಾವ ದೇಶ, ಯಾವ ವೈರಸ್ಸಿಗೆ ಟೆಸ್ಟ್ ಆಗಿದೆ ಅನ್ನೋ ಕಾಗದ ಜೊತೆಗೇ ಕೊಡ್ಲೇಬೇಕು ಅಂತ ಮಾಡಿ. ವೈರಸ್ ಟೆಸ್ಟ್ ಮಾಡೋ ಸರ್ಕಾರಿ ಲ್ಯಾಬ್ ಒಂದು ರಾಣೆಬೆನ್ನೂರಲ್ಲೇ ಆಗ್ಲಿ.

ಎಲ್ಲಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. ಹೊಸ ರೋಗ ಮೊದಲು ಕಾಣೋದು ರೈತನ ಕಣ್ಣಿಗೇ, ಅಧಿಕಾರಿಗಲ್ಲ. ಆದ್ರೆ ಹೇಳಿದ್ರೆ ಪ್ಲಾಟ್ ಕಿತ್ತು ಸುಡ್ಸಿ ಬರಿಗೈಲಿ ಕಳಿಸ್ತಾರೆ ಅನ್ನೋ ಭಯ ಇದ್ರೆ ಯಾರು ಬಾಯಿ ಬಿಡ್ತಾರೆ ಹೇಳಿ, ಸುಮ್ನೆ ನಾಲ್ಕು ಗಿಡ ಕಿತ್ತು ಬದುವಿಗೆ ಎಸೆದು ಉಳಿದಿದ್ದಕ್ಕೆ ಕ್ರಾಸಿಂಗ್ ಮುಂದುವರಿಸ್ತಾರೆ. ತಾನಾಗೇ ಬಂದು ಹೇಳಿದ ರೈತನಿಗೆ ಸುಟ್ಟ ಬೆಳೆಯ ಪೂರ್ತಿ ಪರಿಹಾರ ಒಂದು ತಿಂಗಳೊಳಗೆ ಸಿಗುತ್ತೆ ಅಂತ ಕಾಯ್ದೆಯಲ್ಲೇ ಬರೀಬೇಕು. ನನ್ನ ಪ್ಲಾಟಿಗೆ ರೋಗ ಬಿದ್ದಾಗ ಮೊದಲ ನಾಲ್ಕು ದಿನ ನಾನೂ ಯಾರಿಗೂ ಹೇಳಿರ್ಲಿಲ್ಲ ಸಾಹೇಬ್ರೇ.

ಕ್ಷೇತ್ರಕ್ಕೆ ಬಂದಾಗ ಒಂದು ಸಂಜೆ ನಮ್ಮ ನೆಟ್ ಹೌಸಿಗೆ ಬನ್ನಿ, ನಾಲ್ಕರ ಮೇಲೆ ಬಂದ್ರೆ ಮೊಗ್ಗು ಬಿಡಿಸೋದು ನೋಡಬೋದು. ಬಾಗಿಲಲ್ಲೇ ಸಾಬೂನು ನೀರಿನ ಬಕೆಟ್ ಇಟ್ಟಿರ್ತೀವಿ, ಕೈ ತೊಳ್ಕೊಂಡು ಒಳಗೆ ಬನ್ನಿ.

ಇಂತಿ ನಿಮ್ಮ ಮತದಾರ,
ರಾಣೆಬೆನ್ನೂರು ತಾಲ್ಲೂಕಿನ ಒಬ್ಬ ಬೀಜ ಬೆಳೆಗಾರ